ಸೆಕಿರೊದ ಕತ್ತಿವರಸೆ: ಲೆವೆಲ್ ಏರಿಸಿ ಗೆಲ್ಲಲಾಗದ ಆಟ

ಕತ್ತಿ ಹಿಡಿದು ಆಡುವ ಬಹಳಷ್ಟು ವಿಡಿಯೋ ಗೇಮ್‌ಗಳಲ್ಲಿ ಕೊನೆಗೆ ಗೆಲ್ಲುವುದು ಲೆಕ್ಕ. ಎದುರಾಳಿ ಬಗ್ಗಲಿಲ್ಲವೇ? ಎರಡು ಗಂಟೆ ಸಣ್ಣಪುಟ್ಟವರನ್ನು ಕೊಂದು ಲೆವೆಲ್ ಏರಿಸಿ, ಕತ್ತಿಯನ್ನು ಒಂದೆರಡು ದರ್ಜೆ ಮೇಲಕ್ಕೆ ತಂದು, ದಪ್ಪ ಕವಚ ತೊಟ್ಟು ಮರಳಿ ಬಂದರೆ ಅದೇ ಎದುರಾಳಿ ಹತ್ತು ಏಟಿಗೆ ಮಲಗುತ್ತಾನೆ. ಆಡುವವರ ಕೈ ಅಷ್ಟರಲ್ಲಿ ಒಂದಿಷ್ಟೂ ಸುಧಾರಿಸಿರುವುದಿಲ್ಲ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ತಯಾರಿಸಿ, 2019ರ ಮಾರ್ಚ್ 22ರಂದು ಹೊರಬಂದ ‘ಸೆಕಿರೊ: ಶ್ಯಾಡೋಸ್ ಡೈ ಟ್ವೈಸ್’ ಈ ಹಿಂಬಾಗಿಲಿಗೆ ಬೀಗ ಜಡಿಯಿತು. ಕೈಕೈ ಕಾಳಗದಲ್ಲಿ ಕೈಚಳಕಕ್ಕೆ ಬೆಲೆ ಬರಬೇಕಾದರೆ ಏನೇನು ತೆಗೆದುಹಾಕಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇವತ್ತಿಗೂ ಸಿಗುವುದು ಕಷ್ಟ. ಹಾಗೆಂದು ಹುಳುಕಿಲ್ಲ ಎಂದಲ್ಲ. ಕೆಲವು ದೊಡ್ಡವೇ ಇವೆ.

ತೆಗೆದುಹಾಕಿದ್ದರ ಪಟ್ಟಿ ಉದ್ದವಿದೆ. ಸ್ಟ್ಯಾಮಿನಾ ಇಲ್ಲ: ಎಷ್ಟು ಬೀಸಿದರೂ ಓಡಿದರೂ ನಾಯಕನಿಗೆ ದಣಿವಿಲ್ಲ. ಕವಚವಿಲ್ಲ. ಬಲ, ಚುರುಕುತನ ಎಂದು ಅಂಕಿ ಹಂಚುವ ಪುಟವಿಲ್ಲ. ಆಟದುದ್ದಕ್ಕೂ ಕುಸಾಬಿಮಾರು ಎಂಬ ಒಂದೇ ಮುಖ್ಯ ಕತ್ತಿ. ಉಳಿದಿರುವ ಅಂಕಿಗಳು ಎರಡೇ. ಪ್ರಾರ್ಥನೆಯ ಮಣಿ ನಾಲ್ಕು ಸೇರಿದರೆ ಒಂದು ಸರ, ಅದರಿಂದ ಆಯುಸ್ಸು ಮತ್ತು ಪೋಶ್ಚರ್ (ನಿಲುವಿನ ಗಟ್ಟಿತನ) ಒಂದು ಹಂತ ಏರುತ್ತವೆ. ಇಡೀ ಆಟದಲ್ಲಿರುವುದು 40 ಮಣಿ, ಅಂದರೆ 10 ಸರ. ಏಟಿನ ಬಲ ಏರಬೇಕಾದರೆ ದೊಡ್ಡ ಬಾಸ್‌ಗಳನ್ನು, ಅಂದರೆ ದಾರಿ ಕಾಯುವ ಬಲಿಷ್ಠ ಎದುರಾಳಿಗಳನ್ನು ಕೊಂದು ಅವರ ‘ನೆನಪು’ ಪಡೆಯಬೇಕು. ಮಣಿಗಳಲ್ಲೂ ಹೆಚ್ಚಿನವು ಇರುವುದು ಚಿಕ್ಕ ಬಾಸ್‌ಗಳ ಬಳಿಯೇ. ಬಲ ಬೇಕಾದರೆ ಗೆಲ್ಲಬೇಕು. ಗೆಲ್ಲುವ ಮೊದಲೇ ಬಲ ಕೂಡಿಡುವ ದಾರಿ ಇಲ್ಲ. ಮೂರು ತುಂಡು ಸೇರಿಸಿ ಪಡೆಯುವ ಡ್ರ್ಯಾಗನ್ ಮುಖವಾಡ ಒಂದು ಅಪವಾದ: 5 ಸ್ಕಿಲ್ ಪಾಯಿಂಟ್ ಕೊಟ್ಟರೆ ಏಟಿನ ಬಲ ಒಂದು ಹಂತ ಏರಿಸುತ್ತದೆ. ಅದು ಕೈಗೆ ಬರುವ ಹೊತ್ತಿಗೆ ಆಡುವವರು ಕಲಿಯಬೇಕಾದ್ದನ್ನು ಕಲಿತಾಗಿರುತ್ತದೆ.

ಇನ್ನು ಕಾಳಗದ ತಿರುಳು. ಪರದೆಯ ಮೇಲ್ತುದಿಯಲ್ಲಿ ಶತ್ರುವಿಗೆ, ಕೆಳತುದಿಯಲ್ಲಿ ನಮಗೆ, ನಡುವಿನಿಂದ ಎರಡೂ ಕಡೆಗೆ ಹರಡುವ ಒಂದು ಹಳದಿ ಪಟ್ಟಿ ಇರುತ್ತದೆ. ಅದೇ ಪೋಶ್ಚರ್. ಜಪಾನಿ ಮೂಲದಲ್ಲಿ ಅದನ್ನು ‘ತೈಕಾನ್’ ಎನ್ನುತ್ತಾರೆ, ಅಂದರೆ ಮುಂಡದ ಕಸುವು. ಗರಡಿಮನೆಯ ಮಾತಿನಲ್ಲಿ ಹೇಳುವುದಾದರೆ ಪೈಲ್ವಾನನ ನಿಲುವು. ಅದು ಕದಡಿದರೆ ಎಷ್ಟು ಬಲವಿದ್ದರೂ ಬೆನ್ನು ಮಣ್ಣಿಗೆ. ಪಟ್ಟಿ ಪೂರ್ತಿ ತುಂಬಿದ ಶತ್ರುವಿನ ಮೈಮೇಲೆ ಕೆಂಪು ಚುಕ್ಕೆ ಮೂಡುತ್ತದೆ. ಆಗ ಏಟಿನ ಬಟನ್ ಒತ್ತಿದರೆ ಆಯುಸ್ಸು ಎಷ್ಟೇ ಉಳಿದಿರಲಿ, ಒಂದು ಜೀವ ಹೋಯಿತು. ಸಾಮಾನ್ಯ ಸಿಪಾಯಿಗೆ ಒಂದೇ ಜೀವ, ಬಾಸ್‌ಗಳಿಗೆ ಬಹುಪಾಲು ಎರಡು ಅಥವಾ ಮೂರು.

ಪಟ್ಟಿ ತುಂಬುವುದು ಎರಡು ರೀತಿ: ನಾವು ಹೊಡೆದಾಗ, ಮತ್ತು ಅವರ ಏಟು ನಮ್ಮ ಕತ್ತಿಗೆ ತಾಗುವ ಕ್ಷಣಕ್ಕೆ ಸರಿಯಾಗಿ ತಡೆಯ ಬಟನ್ ಒತ್ತಿದಾಗ. ಈ ಎರಡನೆಯದೇ ಡಿಫ್ಲೆಕ್ಟ್. ಉಳಿದ ಆಟಗಳಲ್ಲಿ ರಕ್ಷಣೆ ಎಂದರೆ ಕಾಲಹರಣ. ಇಲ್ಲಿ ಅದೇ ದಾಳಿ. ಹಿಂದೆ ಸರಿದು ದೂರ ನಿಂತರೆ ಶತ್ರುವಿನ ಪಟ್ಟಿ ಸುಮ್ಮನೆ ಖಾಲಿಯಾಗುತ್ತಾ ಹೋಗುತ್ತದೆ, ಅಲ್ಲಿಯವರೆಗಿನ ದುಡಿಮೆ ನೀರುಪಾಲು. ಇದೇ ಕಂಪನಿಯ ಹಿಂದಿನ ಆಟ ಡಾರ್ಕ್ ಸೋಲ್ಸ್ ಆಡಿ ಬಂದವರು ಮೊದಲ ದಿನ ಪದೇ ಪದೇ ಸಾಯುವುದು ಇದರಿಂದಲೇ. ಉರುಳಿ ತಪ್ಪಿಸಿಕೊಂಡು ಒಂದೇಟು ಹಾಕಿ ಮತ್ತೆ ದೂರ ಓಡುವ ಅಭ್ಯಾಸ ಅವರ ಬೆರಳಿನಲ್ಲಿ ಕೂತಿರುತ್ತದೆ. ಏಟು ತಪ್ಪಿಸಲು ಸೆಕಿರೊದಲ್ಲಿರುವ ಜಿಗಿತಕ್ಕೆ (ಡಾಡ್ಜ್; ಮೇಲಕ್ಕೆ ಹಾರುವುದಲ್ಲ) ಆ ಉರುಳಾಟದಷ್ಟು ರಕ್ಷಣೆಯೂ ಇಲ್ಲ.

ತಡೆಯ ಬಟನ್ ಪ್ಲೇಸ್ಟೇಷನ್‌ನಲ್ಲಿ ಎಲ್1, ಎಕ್ಸ್‌ಬಾಕ್ಸ್ ಕಂಟ್ರೋಲರ್‌ನಲ್ಲಿ ಎಲ್‌ಬಿ, ಪಿಸಿಯಲ್ಲಿ ಮೌಸ್‌ನ ಬಲ ಬಟನ್. ಡಿಫ್ಲೆಕ್ಟ್ ಆಗುವುದು ಒತ್ತಿದಾಗ, ಬಿಟ್ಟಾಗ ಅಲ್ಲ. ಒತ್ತಿ ಹಿಡಿದೇ ಇದ್ದರೆ ಅದು ಸಾಮಾನ್ಯ ತಡೆಯಾಗುತ್ತದೆ. ಇದರಲ್ಲಿ ಒಂದು ಜಾಣತನವಿದೆ. ಬೇಗ ಒತ್ತಿದ ತಪ್ಪಿಗೆ ಶಿಕ್ಷೆ ಕಡಿಮೆ: ಬೆರಳು ಬಟನ್ ಮೇಲೆಯೇ ಇದ್ದರೆ ಏಟು ತಡೆಗೆ ಬೀಳುತ್ತದೆ, ಆಯುಸ್ಸು ಉಳಿಯುತ್ತದೆ, ನಮ್ಮ ಪೋಶ್ಚರ್ ಮಾತ್ರ ಸ್ವಲ್ಪ ತುಂಬುತ್ತದೆ. ತಡವಾದರೆ ಏಟು ನೇರ ಮೈಗೆ. ಆದ್ದರಿಂದ ಹೊಸಬರು ಮೊದಲು ರೂಢಿಸಿಕೊಳ್ಳಬೇಕಾದ್ದು ಇಷ್ಟು: ಏಟು ತಾಗುವುದಕ್ಕಿಂತ ತುಸು ಮುಂಚೆ ಒತ್ತಿ, ತಾಗುವವರೆಗೆ ಹಿಡಿದು, ಬಿಟ್ಟು, ಮುಂದಿನ ಏಟಿಗೆ ಮತ್ತೆ ಒತ್ತುವುದು. ಗಾಬರಿಯಿಂದ ಟಕಟಕ ಕುಟ್ಟಿದರೆ ಏನಾಗುತ್ತದೆ? ಪ್ರತಿ ಅವಸರದ ಒತ್ತಿಗೆ ಡಿಫ್ಲೆಕ್ಟ್‌ನ ಕಾಲಾವಕಾಶವನ್ನು ಆಟವೇ ಕಿರಿದು ಮಾಡುತ್ತಾ ಹೋಗುತ್ತದೆ. ಸ್ವಲ್ಪ ಹೊತ್ತು ಕೈಬಿಟ್ಟರಷ್ಟೇ ಅದು ಮೊದಲಿನ ಅಳತೆಗೆ ಮರಳುತ್ತದೆ. ಕುಟ್ಟುವವರಿಗೂ ಆಗಾಗ ಡಿಫ್ಲೆಕ್ಟ್ ಸಿಗುತ್ತದೆ, ಸಣ್ಣ ಸಿಪಾಯಿಗಳ ಮುಂದೆ ಅದರಿಂದ ಕೆಲಸವೂ ನಡೆಯುತ್ತದೆ. ದೊಡ್ಡ ಬಾಸ್ ಎದುರಾದಾಗ ಅದೇ ಅಭ್ಯಾಸ ಕುತ್ತಿಗೆಗೆ ಬರುತ್ತದೆ.

ಇನ್ನೊಂದು ನಿಯಮವನ್ನು ಆಟ ಸ್ಪಷ್ಟವಾಗಿ ಹೇಳಿಕೊಡುವುದಿಲ್ಲ. ನಮ್ಮ ಪೋಶ್ಚರ್ ಪಟ್ಟಿ ತುದಿಯವರೆಗೆ ತುಂಬಿದ್ದರೂ ಸರಿಯಾದ ಡಿಫ್ಲೆಕ್ಟ್ ನಮ್ಮ ನಿಲುವನ್ನು ಮುರಿಯುವುದಿಲ್ಲ. ಮುರಿಯುವುದು ಸಾಮಾನ್ಯ ತಡೆ. ಪಟ್ಟಿ ತುಂಬುತ್ತಿದೆ ಎಂದು ಹೆದರಿ ಓಡುವ ಬದಲು ಅಲ್ಲೇ ನಿಂತು ಸರಿಯಾದ ಸಮಯಕ್ಕೆ ಒತ್ತುವವರಿಗೆ ಆಟ ಒಲಿಯುತ್ತದೆ. ನಿಜವಾಗಿಯೂ ಉಸಿರು ಬೇಕಿದ್ದರೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ತಡೆಯ ಬಟನ್ ಹಿಡಿದು ನಿಲ್ಲಬೇಕು. ಸುಮ್ಮನೆ ನಿಂತಾಗಿನದಕ್ಕಿಂತ ಬಟನ್ ಹಿಡಿದಾಗ ನಮ್ಮ ಪಟ್ಟಿ ಬೇಗ ಇಳಿಯುತ್ತದೆ.

ಕಿವಿಗೆ ಇಲ್ಲಿ ಕಣ್ಣಿನಷ್ಟೇ ಕೆಲಸ. ಸರಿಯಾದ ಡಿಫ್ಲೆಕ್ಟ್‌ಗೆ ಕಿತ್ತಳೆ ಬಣ್ಣದ ದೊಡ್ಡ ಕಿಡಿ, ಠಣ್ ಎಂಬ ತೀಕ್ಷ್ಣ ಸದ್ದು. ಬರೀ ತಡೆಗೆ ಮಂಕಾದ ಸದ್ದು. ಶತ್ರುವೂ ಇದೇ ನಿಯಮಕ್ಕೆ ಒಳಪಟ್ಟವನು. ನಮ್ಮ ಏಟನ್ನು ಅವನು ಸುಮ್ಮನೆ ತಡೆಯುತ್ತಿರುವವರೆಗೆ ಸರದಿ ನಮ್ಮದು, ಹೊಡೆಯುತ್ತಲೇ ಇರಬಹುದು. ಎರಡು-ಮೂರು ಏಟಿನ ನಂತರ ಅವನ ಕತ್ತಿಯಿಂದ ಠಣ್ ಎಂಬ ಸದ್ದು ಬಂತೋ, ಸರದಿ ಅವನಿಗೆ ಹೋಯಿತು. ಮುಂದಿನ ಏಟಿಗೆ ಕೈ ಎತ್ತದೆ ತಡೆಗೆ ಸಿದ್ಧರಾಗಬೇಕು. ಇಬ್ಬರು ಕೋಲಾಟ ಆಡುವಾಗ ಎದುರಿನವರ ಕೋಲು ಎಲ್ಲಿಗೆ ಬರುತ್ತದೆಂದು ನೋಡಿಕೊಂಡು ಹೊಡೆಯುವುದಿಲ್ಲ, ತಾಳ ಕೇಳಿಕೊಂಡು ಹೊಡೆಯುತ್ತಾರೆ. ಬಹಳಷ್ಟು ಜನ ಸೆಕಿರೊವನ್ನು ‘ಸಂಗೀತದ ಗೇಮ್’ ಎಂದು ತಮಾಷೆ ಮಾಡುವುದು ಇದೇ ಕಾರಣಕ್ಕೆ, ಮತ್ತು ತಮಾಷೆಯಲ್ಲಿ ಸತ್ಯಾಂಶ ಜಾಸ್ತಿ. ಕಿವಿ ಮಂದವಿರುವವರಿಗೆ ಮಾತ್ರ ಇದು ಅನ್ಯಾಯ. ಕಿಡಿಯ ಗಾತ್ರವೇ ಅವರಿಗಿರುವ ಮುಖ್ಯ ಸುಳಿವು.

ಹಾಗಾದರೆ ಆಯುಸ್ಸಿನ ಪಟ್ಟಿ ಯಾಕೆ ಬೇಕು? ಶತ್ರುವಿನ ಆಯುಸ್ಸು ಇಳಿದಷ್ಟೂ ಅವನ ಪೋಶ್ಚರ್ ಚೇತರಿಸಿಕೊಳ್ಳುವ ವೇಗ ಕುಗ್ಗುತ್ತದೆ. ಗಾಯವಾಗದ ಬಾಸ್ ಎರಡು ಕ್ಷಣ ಬಿಟ್ಟರೆ ಮತ್ತೆ ಗಟ್ಟಿಯಾಗಿ ನಿಲ್ಲುತ್ತಾನೆ. ಅರ್ಧ ಆಯುಸ್ಸು ಕಳೆದುಕೊಂಡವನ ಪಟ್ಟಿ ಆಮೆಯಂತೆ ಇಳಿಯುತ್ತದೆ. ಆದ್ದರಿಂದ ಕಾಳಗಕ್ಕೆ ಎರಡು ಹಂತ ತಾನಾಗಿ ಹುಟ್ಟಿಕೊಳ್ಳುತ್ತದೆ. ಮೊದಲು ಸಂದಿ ಸಿಕ್ಕಲ್ಲೆಲ್ಲ ಮೈಗೆ ಏಟು ಹಾಕಿ ಆಯುಸ್ಸು ಇಳಿಸುವುದು, ಆಮೇಲೆ ಮೈಗೆ ಅಂಟಿಕೊಂಡು ಡಿಫ್ಲೆಕ್ಟ್‌ಗಳಿಂದ ನಿಲುವು ಮುರಿಯುವುದು. ‘ಪೋಶ್ಚರ್ ಒಂದೇ ಮುಖ್ಯ’ ಎಂದು ಕೇಳಿಕೊಂಡು ಆಯುಸ್ಸನ್ನು ಮುಟ್ಟದೇ ಆಡುವವರು ಒಂದೇ ಬಾಸ್ ಮುಂದೆ ಗಂಟೆಗಟ್ಟಲೆ ಹೆಣಗುತ್ತಾರೆ.

ತಡೆಯ ಬಟನ್ ಒಂದನ್ನೇ ಹಿಡಿದು ಆಡುವವರನ್ನು ಎಚ್ಚರಿಸಲು ಅಪಾಯದ ದಾಳಿಗಳಿವೆ. ಶತ್ರು ಅದಕ್ಕೆ ಕೈ ಹಾಕಿದಾಗ ‘ಅಪಾಯ’ ಎಂಬರ್ಥದ ಕೆಂಪು ಜಪಾನಿ ಅಕ್ಷರ ದಪ್ಪಗೆ ಮೂಡುತ್ತದೆ, ಜೊತೆಗೊಂದು ಸದ್ದು. ಅಕ್ಷರ ಒಂದೇ, ದಾಳಿ ಮೂರು ಬಗೆ, ಮೂರಕ್ಕೂ ಬೇರೆ ಬೇರೆ ಉತ್ತರ. ಆಯುಧದ ಮೊನೆ ಹಿಂದಕ್ಕೆ ಹೋಗಿ ನಮ್ಮತ್ತ ತಿರುಗಿದರೆ ಅದು ತಿವಿತ: ಜಿಗಿತದ ಬಟನ್ ಅನ್ನು ಮುಂದಕ್ಕೆ, ಅಥವಾ ಸ್ಟಿಕ್ ಮುಟ್ಟದೆ ಒತ್ತಬೇಕು, ನಾಯಕ ಈಟಿಯನ್ನೋ ಕತ್ತಿಯನ್ನೋ ಕಾಲಿನಿಂದ ತುಳಿದು ನಿಲ್ಲುತ್ತಾನೆ. ಇದೇ ಮಿಕಿರಿ. ಶತ್ರು ಮೈ ತಗ್ಗಿಸಿ ಆಯುಧವನ್ನು ನೆಲದ ಮಟ್ಟಕ್ಕೆ ತಂದರೆ ಕಾಲಿಗೆ ಬೀಸುವ ಏಟು: ಹಾರಬೇಕು, ಗಾಳಿಯಲ್ಲಿದ್ದಾಗಲೇ ಹಾರುವ ಬಟನ್ ಇನ್ನೊಮ್ಮೆ ಒತ್ತಿದರೆ ಅವನನ್ನೇ ಮೆಟ್ಟಿ ಚಿಮ್ಮಬಹುದು, ಅದರಿಂದ ಅವನ ಪೋಶ್ಚರ್ ಚೆನ್ನಾಗಿ ತುಂಬುತ್ತದೆ. ಕೈ ಚಾಚಿ ಬಂದರೆ ಹಿಡಿತ: ದೂರ ಸರಿಯುವುದೊಂದೇ ದಾರಿ.

ಮಿಕಿರಿ ಕೈಕೊಡುವುದು ಸಾಮಾನ್ಯವಾಗಿ ಒಂದೇ ಕಡೆ. ಕೆಂಪಕ್ಷರ ಕಂಡ ಕೂಡಲೇ ಹೆಬ್ಬೆರಳು ಭಯದಿಂದ ಸ್ಟಿಕ್ಕನ್ನು ಹಿಂದಕ್ಕೆ ಎಳೆಯುತ್ತದೆ, ನಾಯಕ ಹಿಂದಕ್ಕೆ ಜಿಗಿಯುತ್ತಾನೆ, ತಿವಿತ ಅಲ್ಲಿಗೂ ಬಂದು ಎದೆ ಸೀಳುತ್ತದೆ. ಹೆಬ್ಬೆರಳನ್ನು ಸ್ಟಿಕ್‌ನಿಂದ ಪೂರ್ತಿ ಎತ್ತಿಬಿಡುವುದು ಒಳ್ಳೆಯ ಉಪಾಯ. ಇನ್ನೊಂದು ತಪ್ಪು ಆಟದ್ದೇ: ಮಿಕಿರಿ ಹುಟ್ಟಿನಿಂದ ಬರುವ ವಿದ್ಯೆಯಲ್ಲ, ಸ್ಕಿಲ್ ಪಾಯಿಂಟ್ ಕೊಟ್ಟು ಕೊಳ್ಳಬೇಕು. ಶಿನೋಬಿ (ನಿಂಜಾ) ಕಲೆಗಳ ಪುಸ್ತಕ ಕೈಗೆ ಬಂದ ಕೂಡಲೇ ಬೇರೇನನ್ನೂ ನೋಡದೆ ಅದನ್ನೇ ತೆಗೆದುಕೊಳ್ಳಿ. ಇಷ್ಟು ಮೂಲಭೂತವಾದ ಪಟ್ಟನ್ನು ಪಟ್ಟಿಯ ನಡುವೆ ಬಚ್ಚಿಟ್ಟದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ತಿವಿತವನ್ನು ನಿಖರವಾದ ಡಿಫ್ಲೆಕ್ಟ್‌ನಿಂದಲೂ ತಳ್ಳಬಹುದು, ಸಾಮಾನ್ಯ ತಡೆಯಿಂದ ಆಗದು.

ಇಷ್ಟನ್ನೂ ಒಟ್ಟಿಗೆ ಪರೀಕ್ಷಿಸುವವನು ಅಶಿನಾ ಕೋಟೆಯ ತುದಿಯಲ್ಲಿ ಕಾಯುವ ಗೆನಿಚಿರೊ. ಆಟದ ಅತ್ಯುತ್ತಮ ವಿನ್ಯಾಸ ಎಂದರೆ ಈ ಕಾಳಗವೇ. ಕೊನೆಯ ಬಾಸ್ ಇಶ್ಶಿನ್ ಇನ್ನೂ ಭವ್ಯ ನಿಜ, ಆದರೆ ಕಲಿಸುವ ಕೆಲಸ ಮಾಡುವವನು ಇವನು. ಅವನು ಬಿಲ್ಲು ಬಳಸುತ್ತಾನೆ. ದೂರ ನಿಂತು ಔಷಧಿ ಕುಡಿಯಲು ಹೋದರೆ ಬಾಣ ಬರುತ್ತದೆ. ಮೇಲಕ್ಕೆ ಹಾರಿ ಕತ್ತಿ ಬೀಸಿಕೊಂಡು ಇಳಿದ ಮೇಲೆ ಕೆಂಪಕ್ಷರ ಮೂಡಿಸುತ್ತಾನೆ, ಮುಂದೆ ಬರುವುದು ತಿವಿತವೂ ಆಗಬಹುದು, ಕಾಲಿಗೆ ಬೀಸುವ ಏಟೂ ಆಗಬಹುದು. ಅಕ್ಷರ ನೋಡಿ ಬಟನ್ ಒತ್ತುವವರು ಇಲ್ಲಿ ಅರ್ಧಕ್ಕರ್ಧ ಸಲ ಸಾಯುತ್ತಾರೆ. ಅವನ ತೋಳು, ಮೊನೆ ಎತ್ತ ಹೋಯಿತೆಂದು ನೋಡಬೇಕು. ಎಡೆಬಿಡದೆ ಬೀಸುವ ಉದ್ದನೆಯ ಸರಣಿಯೊಂದಿದೆ, ಮೊದಲಿಗೆ ಅದು ಬರೀ ಗದ್ದಲದಂತೆ ಕಾಣುತ್ತದೆ. ಏಟುಗಳ ನಡುವಿನ ಅಂತರ ಒಂದೇ ಸಮನಾಗಿಲ್ಲ ಎಂದು ಗೊತ್ತಾದ ಮೇಲೆ, ಅದೇ ಸರಣಿ ಅವನ ಪೋಶ್ಚರ್ ತುಂಬಿಸುವ ಸುಲಭ ದಾರಿಯಾಗುತ್ತದೆ. ಎರಡು ಜೀವ ತೆಗೆದಾಯಿತು ಎಂದುಕೊಳ್ಳುವಾಗ ಎದ್ದು ಬಂದು ಮಿಂಚು ಹೊಡೆಯುತ್ತಾನೆ. ಅದಕ್ಕೆ ಉತ್ತರ: ಮಿಂಚು ಬೀಳುವ ಮೊದಲು ನೆಲ ಬಿಟ್ಟು ಹಾರಬೇಕು, ಗಾಳಿಯಲ್ಲಿದ್ದಾಗ ಅದನ್ನು ಮೈಮೇಲೆ ತೆಗೆದುಕೊಳ್ಳಬೇಕು, ಪಾದ ನೆಲ ಮುಟ್ಟುವ ಮೊದಲು ಏಟಿನ ಬಟನ್ ಒತ್ತಿ ಅವನಿಗೇ ವಾಪಸ್ ಎಸೆಯಬೇಕು. ಎಡವುವುದು ಕೊನೆಯ ಹೆಜ್ಜೆಯಲ್ಲಿ. ನೆಲ ಮುಟ್ಟಿದ ಮೇಲೆ ಒತ್ತಿದರೆ ಕೆಲಸ ಕೆಟ್ಟಿತು.

ಎಡಗೈಯ ಮರದ ತೋಳಿಗೆ ಸೇರಿಸುವ ಸಲಕರಣೆಗಳು ಕೈಚಳಕಕ್ಕೆ ಬದಲಿಯಲ್ಲ, ಆಸರೆ. ಪಟಾಕಿ ಪ್ರಾಣಿಗಳನ್ನು ಬೆಚ್ಚಿಸುತ್ತದೆ: ಬಾಸ್ ಗ್ಯೋಬುವಿನ ಕುದುರೆ, ಉರಿಯುವ ಗೂಳಿ, ಕಾವಲು ಕೋತಿ ಮೂರಕ್ಕೂ ಕೆಲಸಕ್ಕೆ ಬರುತ್ತದೆ. ಕೊಡಲಿ ಮರದ ಗುರಾಣಿ ಒಡೆಯುತ್ತದೆ. ಬೆಂಕಿಯ ನಳಿಗೆ ಕೆಂಪುಗಣ್ಣಿನವರಿಗೆ. ಪ್ರತಿ ಬಳಕೆಗೂ ಕಾಗದದ ಲಾಂಛನ ಖರ್ಚಾಗುತ್ತದೆ, ಒಮ್ಮೆಗೆ ಹೊರುವ ಲೆಕ್ಕವೂ ಮಿತ. ಹೀಗಾಗಿ ಪಟಾಕಿ ಹಚ್ಚುತ್ತಲೇ ಬಾಸ್ ಗೆಲ್ಲಲಾಗದು.

ಈಗ ಹುಳುಕುಗಳು. ಮೊದಲ ತಪ್ಪು ಆಟದ ಆರಂಭದಲ್ಲೇ ಸಂಕೋಲೆ ಹರಿದು ಬರುವ ರಾಕ್ಷಸ. ಡಿಫ್ಲೆಕ್ಟ್ ಕಲಿಯಬೇಕಾದ ಹೊತ್ತಿಗೆ, ಹಿಡಿತವನ್ನೇ ನೆಚ್ಚಿಕೊಂಡ ಶತ್ರುವನ್ನು ಎದುರಿಗೆ ತಂದು ನಿಲ್ಲಿಸುತ್ತಾರೆ. ಅವನ ಹಿಡಿತ ಕಣ್ಣಿಗೆ ಕಾಣುವುದಕ್ಕಿಂತ ದೂರದಿಂದ ಎಳೆದುಕೊಳ್ಳುತ್ತದೆ. ಹೊಸಬರು ಇಲ್ಲಿ ಕಲಿಯುವುದು ಓಡಿಹೋಗುವುದನ್ನು, ಅಂದರೆ ಮುಂದೆ ಮರೆಯಬೇಕಾದ ಪಾಠವನ್ನು. ಹಿರಾತಾ ಎಸ್ಟೇಟ್‌ನಲ್ಲಿ ಬೆಂಕಿಯ ನಳಿಗೆ ಹುಡುಕಿ, ಶಿಲ್ಪಿಯ ಬಳಿ ತೋಳಿಗೆ ಹಾಕಿಸಿಕೊಂಡು ಬಂದರೆ ಅರ್ಧ ತೊಂದರೆ ತಪ್ಪುತ್ತದೆ.

ಎರಡನೆಯದು ಕ್ಯಾಮೆರಾ. ಬೆನ್ನು ಗೋಡೆಗೆ ತಾಗಿದರೆ ನೋಟ ತಲೆಕೆಳಗಾಗುತ್ತದೆ, ಶತ್ರುವಿನ ಮೇಲೆ ನೋಟ ನೆಟ್ಟಿಡುವ ಲಾಕ್ ಬಿಟ್ಟುಹೋಗುತ್ತದೆ, ಏಟು ಎಲ್ಲಿಂದ ಬಂತೆಂದು ತಿಳಿಯುವ ಮೊದಲೇ ಸಾವು. ಕ್ಷಣದ ಲೆಕ್ಕದಲ್ಲಿ ಕೈಚಳಕ ಕೇಳುವ ಆಟದಲ್ಲಿ ಇದು ಸಣ್ಣ ಕೊರತೆಯಲ್ಲ. ಸದಾ ಅಂಗಳದ ನಡುವೆ ಇರುವಂತೆ ಪಕ್ಕಕ್ಕೆ ಸುತ್ತುತ್ತಾ ಆಡುವುದೇ ಪರಿಹಾರ.

ಒಬ್ಬರ ಮೇಲೊಬ್ಬರಿಗೆಂದು ಹೊಂದಿಸಿದ ಈ ಪದ್ಧತಿ ಗುಂಪಿನೆದುರು ಹದ ತಪ್ಪುತ್ತದೆ. ಹಿರಾತಾದ ಕುಡುಕ ಜೂಜೊ ತನ್ನ ಸುತ್ತ ಬಿಲ್ಲುಗಾರರನ್ನೂ ಗುರಾಣಿಯವರನ್ನೂ ಇಟ್ಟುಕೊಂಡಿದ್ದಾನೆ. ನೇರ ನುಗ್ಗಿದರೆ ಬಾಣದ ಲಯ ಬೇರೆ, ಜೂಜೊನ ಲಯ ಬೇರೆ. ಮೊದಲು ಕದ್ದು ಹೋಗಿ ಅಂಚಿನಲ್ಲಿರುವವರನ್ನು ಒಬ್ಬೊಬ್ಬರನ್ನಾಗಿ ಮುಗಿಸಿ, ಗದ್ದಲವಾದರೆ ದೂರ ಓಡಿ ಮರೆಯಾಗಿ, ಅವರು ಸುಮ್ಮನಾದ ಮೇಲೆ ಮರಳಿ ಬಂದು ಜೂಜೊನ ಬೆನ್ನಿಗೆ ಇರಿದರೆ ಒಂದು ಜೀವ ಪುಕ್ಕಟೆ. ಕೆಲಸವೇನೋ ಆಗುತ್ತದೆ. ಆದರೆ ಅದು ಬೇರೆಯೇ ಆಟ.

ತಲೆಯಿಲ್ಲದ ಪ್ರೇತಗಳು ಇನ್ನೂ ಕೆಟ್ಟವು. ದೈವೀ ಕಾಗದದ ಚೂರು ಎಂಬ ವಸ್ತು ಕೈಯಲ್ಲಿಲ್ಲದಿದ್ದರೆ ಅವಕ್ಕೆ ನಮ್ಮ ಏಟು ನಾಟುವುದೇ ಇಲ್ಲ ಎನ್ನಬೇಕು. ಭಯದ ಪಟ್ಟಿ ತುಂಬಿದರೆ ಆಯುಸ್ಸು ಪೂರ್ತಿ ಇದ್ದರೂ ಸಾವು. ಕೈಯನ್ನು ಪರೀಕ್ಷಿಸಬೇಕಾದ ಕಡೆ ಜೋಳಿಗೆಯನ್ನು ಪರೀಕ್ಷಿಸುವ ಹಳೆಯ ಚಾಳಿ ಇದು. ದ್ವೇಷದ ರಾಕ್ಷಸನಂಥ ದೈತ್ಯ ಬಾಸ್‌ನ ಎದುರೂ ಪೋಶ್ಚರ್ ಹೆಸರಿಗಷ್ಟೇ. ಕಾಲಿನ ಬುಡದಲ್ಲಿ ನಿಂತು ಆಯುಸ್ಸು ಕೆರೆಯುತ್ತಾ ಕೂರಬೇಕು. ಕಾವಲು ಕೋತಿಯಲ್ಲಿ ಮಾತ್ರ ಅವರು ಬುದ್ಧಿ ಓಡಿಸಿದ್ದಾರೆ: ಮೊದಲ ಹಂತ ಪ್ರಾಣಿಯ ಕಾಳಗ, ತಲೆ ಕಳೆದುಕೊಂಡ ಮೇಲಿನ ಹಂತ ಕತ್ತಿಯ ಕಾಳಗ, ಅದರ ದೊಡ್ಡ ಮೇಲೇಟನ್ನು ಡಿಫ್ಲೆಕ್ಟ್ ಮಾಡಿದರೆ ಕೋತಿ ಮುಗ್ಗರಿಸುತ್ತದೆ.

ಸಾವಿನ ದಂಡದ ಬಗ್ಗೆ ಜನ ಹೆದರುವಷ್ಟು ಇಲ್ಲ. ಸತ್ತರೆ ಕೈಯಲ್ಲಿರುವ ಹಣದ ಅರ್ಧ, ಮುಂದಿನ ಸ್ಕಿಲ್ ಪಾಯಿಂಟ್‌ಗೆ ಕೂಡಿಟ್ಟ ಅನುಭವದ ಅರ್ಧ ಹೋಗುತ್ತದೆ. ಪೂರ್ತಿಯಾದ ಪಾಯಿಂಟ್‌ಗಳಿಗೆ ಧಕ್ಕೆಯಿಲ್ಲ. ಏನೂ ಕಳೆಯದೆ ಪಾರಾಗುವ ಅವಕಾಶ ಶೇ 30ರಿಂದ ಶುರುವಾಗಿ, ನಮ್ಮ ಪದೇ ಪದೇ ಸಾವಿನಿಂದ ಊರವರಿಗೆ ಡ್ರ್ಯಾಗನ್ ರೋಗ ಹರಡಿದಂತೆ ಕುಗ್ಗುತ್ತದೆ. ಬಾಸ್ ಬಾಗಿಲಿಗೆ ಹೋಗುವ ಮುನ್ನ ಹಣವನ್ನು ವ್ಯಾಪಾರಿಯ ಬಳಿ ನಾಣ್ಯದ ಚೀಲಗಳಾಗಿ ಬದಲಿಸಿಕೊಂಡರೆ ಅದು ಸಾವಿನಲ್ಲಿ ಕರಗುವುದಿಲ್ಲ.

ಅಭ್ಯಾಸಕ್ಕೆ ಒಳ್ಳೆಯ ವ್ಯವಸ್ಥೆಯಿದೆ. ಪಾಳುಗುಡಿಯ ಬಳಿ ಸಾವಿಲ್ಲದ ಹಾನ್ಬೆ ನಿಂತಿರುತ್ತಾನೆ. ತಡೆ, ಡಿಫ್ಲೆಕ್ಟ್, ಮಿಕಿರಿ ಒಂದೊಂದನ್ನೂ ಅವನ ಜೊತೆ ಬೇಕಾದಷ್ಟು ಸಲ ಆಡಬಹುದು. ಇದನ್ನು ಕಡೆಗಣಿಸಿ ಮುಂದೆ ಓಡುವವರೇ ಹೆಚ್ಚು. 2020ರ ಅಕ್ಟೋಬರ್‌ನ ಉಚಿತ ಅಪ್‌ಡೇಟ್ ಬಂದಾಗಿನಿಂದ, ಗೆದ್ದ ಬಾಸ್‌ಗಳನ್ನು ವಿಶ್ರಾಂತಿಯ ತಾಣವಾದ ಮೂರ್ತಿಯ ಬಳಿ ಕುಳಿತು ಮತ್ತೆ ಎದುರಿಸಬಹುದು. ಕೈ ಪಳಗಿದವರು ಎರಡನೆಯ ಸುತ್ತಿನ ಆರಂಭದಲ್ಲಿ ನಾಯಕನ ಪುಟ್ಟ ಒಡೆಯ ಕುರೊನ ತಾಯಿತವನ್ನು ಅವನಿಗೇ ಹಿಂದಿರುಗಿಸಲಿ. ಆಮೇಲೆ ಸಾಮಾನ್ಯ ತಡೆಯಿಂದಲೂ ಆಯುಸ್ಸು ಸೋರುತ್ತದೆ, ಸರಿಯಾದ ಡಿಫ್ಲೆಕ್ಟ್‌ಗೆ ಮಾತ್ರ ವಿನಾಯಿತಿ. ಈ ಪದ್ಧತಿಯ ಅಸಲಿ ರೂಪ ಅದೇ.

ಯಂತ್ರದ ಮಾತು. ಪಿಸಿಗೆ ಕನಿಷ್ಠ 4 ಜಿಬಿ ರ‍್ಯಾಮ್, ಜಿಟಿಎಕ್ಸ್ 760 ಕಾರ್ಡ್, 25 ಜಿಬಿ ಜಾಗ. ಸಲಹೆ 8 ಜಿಬಿ ಮತ್ತು ಜಿಟಿಎಕ್ಸ್ 970. ಫ್ರೇಮ್ ಸೆಕೆಂಡಿಗೆ 60ಕ್ಕೆ ನಿಲ್ಲುತ್ತದೆ. ಹಳೆಯ ಪಿಎಸ್4ನಲ್ಲಿ ಫ್ರೇಮ್ ಏರಿಳಿಯುತ್ತದೆ, ಲಯ ಹಿಡಿಯಲು ಅದು ತೊಡಕು. ಪಿಎಸ್5ರಲ್ಲಿ ಅದೇ ಡಿಸ್ಕ್ ಸರಾಗ. ಟಿವಿಯಲ್ಲಿ ಆಡುವವರು ‘ಗೇಮ್ ಮೋಡ್’ ಹಾಕಲೇಬೇಕು, ಚಿತ್ರವನ್ನು ನುಣುಪು ಮಾಡುವ ಸೌಲಭ್ಯ ಆಫ್ ಮಾಡಬೇಕು. ಇಲ್ಲದಿದ್ದರೆ ಕಣ್ಣಿಗೆ ಏಟು ಕಾಣುವ ಹೊತ್ತಿಗೆ ಆಟದಲ್ಲಿ ಅದು ಬಿದ್ದಾಗಿರುತ್ತದೆ. ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಸದ್ದು ತಡವಾಗಿ ಬರುವುದರಿಂದ ತಂತಿಯದೇ ವಾಸಿ. ಆನ್‌ಲೈನ್ ಕಾಳಗ ಇಲ್ಲವೇ ಇಲ್ಲ, ಹಾಗಾಗಿ ಪಿಂಗ್‌ನ (ನೆಟ್‌ವರ್ಕ್ ವಿಳಂಬದ) ಗೋಳೂ ಇಲ್ಲ. ಕನ್ನಡ ಸಬ್‌ಟೈಟಲ್ ಇಲ್ಲ, ಸೂಚನೆಗಳನ್ನು ಇಂಗ್ಲಿಷಿನಲ್ಲೇ ಓದಬೇಕು. ದನಿಯನ್ನು ಜಪಾನಿಗೆ ಬದಲಿಸಿಕೊಂಡರೆ ಕಥೆ ಹೆಚ್ಚು ಸಹಜ. ಕಷ್ಟದ ಮಟ್ಟ ಆರಿಸುವ ಸೌಲಭ್ಯವೂ ಇಲ್ಲ.

ಆಮೇಲೆ ಬಂದ ಹಲವು ಆಟಗಳು ಈ ಡಿಫ್ಲೆಕ್ಟನ್ನು ಎರವಲು ಪಡೆದವು. 2023ರ ಲೈಸ್ ಆಫ್ ಪಿ ನಿಖರ ತಡೆಯನ್ನು ತಂದಿತು, ಆದರೆ ಲೆವೆಲ್ ಮತ್ತು ಆಯುಧ ಬದಲಿಸುವ ದಾರಿಯನ್ನೂ ತೆರೆದಿಟ್ಟಿತು. ಸಿಕ್ಕಿಬಿದ್ದವರು ಅಂಕಿ ಏರಿಸಿ ಪಾರಾಗಬಹುದು. ಫ್ರಮ್‌ಸಾಫ್ಟ್‌ವೇರ್ ತಾನೇ 2024ರಲ್ಲಿ ಎಲ್ಡನ್ ರಿಂಗ್‌ನ ವಿಸ್ತರಣೆಯಲ್ಲಿ ಡಿಫ್ಲೆಕ್ಟ್ ಸಾಧ್ಯವಾಗಿಸುವ, ‘ಕಂಬನಿ’ ಎಂದು ಕರೆಯುವ ಮದ್ದಿನ ಹನಿಯೊಂದನ್ನು ಸೇರಿಸಿತು, ಬೇಕಾದವರು ಬೆರೆಸಿಕೊಂಡು ಕುಡಿಯಲಿ ಎಂದು. ಎರಡೂ ಸೊಗಸಾಗಿವೆ. ಆದರೆ ಪಕ್ಕದಲ್ಲಿ ಸುಲಭದ ದಾರಿ ಇರುವಾಗ ಹೆಚ್ಚಿನವರು ಡಿಫ್ಲೆಕ್ಟ್ ಕಲಿಯುವ ಗೋಜಿಗೇ ಹೋಗುವುದಿಲ್ಲ.

ಕೊಳ್ಳುವವರಿಗೆ ಒಂದು ಮಾತು. ಸ್ಟೀಮ್ ಸೇಲ್‌ಗಳಲ್ಲಿ ಇದು ಅರ್ಧ ಬೆಲೆಗೆ ಇಳಿಯುವುದುಂಟು, ಕಾಯಬಹುದು. ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ ಹಣ ವಾಪಸ್ ಕೇಳಬಹುದು. ಅಷ್ಟು ಹೊತ್ತಿನಲ್ಲಿ ಗೆನಿಚಿರೊವರೆಗೆ ಹೋಗಲು ಹೊಸಬರಿಗೆ ಸಾಧ್ಯವಿಲ್ಲ, ಸಂಕೋಲೆಯ ರಾಕ್ಷಸನ ಮುಂದೆಯೇ ಸಮಯ ತೀರಿಹೋಗುತ್ತದೆ. ಅವನನ್ನು ನೋಡಿ ಆಟವನ್ನು ಅಳೆಯಬೇಡಿ. ಅವನಿಗಿಂತ ಮೊದಲೇ ಸಿಗುವ ಅಶಿನಾದ ಸೇನಾಪತಿಯ ಜೊತೆ ಅರ್ಧ ಗಂಟೆ, ಹಾನ್ಬೆಯ ಜೊತೆ ಅರ್ಧ ಗಂಟೆ ಕತ್ತಿ ತಾಗಿಸಿ ನೋಡಿ. ಆ ಠಣ್ ಸದ್ದಿಗೆ ಬೆರಳು ತಾನಾಗಿ ಕಾಯತೊಡಗಿದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎರಡು ಗಂಟೆ ತುಂಬುವ ಮೊದಲೇ ಹಿಂದಿರುಗಿಸಿಬಿಡಿ.